ಕೆಳತಟ್ಟೆಯ ಅಣಬೆ

ಕ್ರಿಸ್‌ಮಸ್ ದಿನ ಬೆಳಿಗ್ಗೆ ಬ್ಲಾಜೆನಾ ಪಾತ್ರೆಯೊಂದನ್ನು ಎದೆಗವಚಿಕೊಂಡು ತಾನು ಕೆಲಸ ಮಾಡುವ ವಿಧಿವಿಜ್ಞಾನ ಪ್ರಯೋಗಾಲಯದ ಮೆಟ್ಟಿಲು ಹತ್ತಿದಳು. ಒಳಗಿದ್ದದ್ದು ಬಾರ್ಲಿ, ಬೆಳ್ಳುಳ್ಳಿ, ಒಣ ಅಣಬೆ ಬೇಯಿಸಿದ ಹಬ್ಬದ ಕುಬಾ. ಹಿಂದಿನ ಸಂಜೆ ಪಾಳಿ ಮುಗಿಸಿ ಬಂದ ತಂಗಿ ಸ್ವಾತಾವಾ ಒಬ್ಬಳೇ ಕೂತು ಅದನ್ನು ತಿಂದಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕಣ್ಣಿಗೆ ಕಿಟಕಿ ಪರದೆಯ ಹೂಗಳು ಉಸಿರಾಡತೊಡಗಿದ್ದವು.

ಸ್ವಾತಾವಾ ಬರ್ನೋ ನಗರದಲ್ಲಿ ಟ್ರಾಮ್ ಓಡಿಸುವವಳು. ಬೇರೆ ಕಾರಣ ಸಿಗದಿದ್ದರೆ ಮನೋರೋಗವೆಂದೇ ಬರೆಯಬೇಕಾದೀತು ಎಂದು ಆಸ್ಪತ್ರೆಯವರು ಹೇಳಿದ್ದರು. ಹಾಗೆ ಬರೆದರೆ ಟ್ರಾಮ್ ಕೈತಪ್ಪಿದಂತೆ.

ಆಸ್ಪತ್ರೆಯಿಂದ ಸ್ವಾತಾವಾ ಫೋನ್ ಮಾಡಿದಳು. "ಅಕ್ಕಾ, ನಂಗೆ ಹುಚ್ಚು ಹಿಡಿದಿದ್ಯೇನೇ?"

"ಅದು ಹುಟ್ಟಿದಾಗ್ಲಿಂದ ಇದ್ದದ್ದೇ. ಸುಮ್ನೆ ಮಲಕ್ಕೋ."

"ತಮಾಷೆ ಬೇಡ ಕಣೇ. ಟ್ರಾಮ್ ಬಿಡಿಸಿದ್ರೆ ನಾನೇನ್ಮಾಡ್ಲಿ?"

ಆಮೇಲೆ ಮಾಡ್ತೀನಿ ಎಂದು ಬ್ಲಾಜೆನಾ ಫೋನಿಟ್ಟಳು. ಅಣಬೆ ಕೊಟ್ಟವಳು ಅವಳೇ. ಅಕ್ಟೋಬರ್ ಬಂತೆಂದರೆ ಅವರ ಕಡೆ ಬೆಚ್ಚಗಿರುವ ಜಾಗವೆಲ್ಲ ಒಣಗಲಿಟ್ಟ ಅಣಬೆ ಚೂರುಗಳಿಗೆ ಮೀಸಲು. ಈ ಸಲ ಮನೆಯಲ್ಲಿ ಥಂಡಿಯೆಂದು ಅವಳು ತಾನು ಕಾಡಿನಲ್ಲಿ ಆರಿಸಿದ್ದನ್ನು ಪ್ರಯೋಗಾಲಯದ ಒಣಗಿಸುವ ಪೆಟ್ಟಿಗೆಯ ಕೆಳತಟ್ಟೆಯಲ್ಲಿ ಹರಡಿದ್ದಳು. ಮೇಲಿನ ಜಾಲರಿಯಲ್ಲಿ ಪೊಲೀಸರು ವಶಪಡಿಸಿಕೊಂಡ ಮತ್ತಿನ ಅಣಬೆಗಳಿದ್ದವು, ಬೆರಳ ತುದಿಯಷ್ಟು ಸಣ್ಣವು, ಒಣಗಿದರೆ ಜಾಲರಿಯ ಕಣ್ಣಲ್ಲಿ ನುಸುಳಿ ಕೆಳಗೆ ಬೀಳುವಷ್ಟು. ಒಣಗಿದ ಮೇಲೆ ಅವು ಅಂದಾಜಿಗಿಂತ ಹಗುರವಾಗಿ ತೂಗಿದಾಗ ನೀರು ಹೆಚ್ಚಿತ್ತೇನೋ ಎಂದುಕೊಂಡು ಸುಮ್ಮನಾಗಿದ್ದಳು.

ಅಂದು ಪಾಳಿಯಲ್ಲಿದ್ದವನು ಮುಖ್ಯಸ್ಥ ಹಿನೆಕ್. "ಹಬ್ಬದೂಟ ನಂಗೇ ತಂದ್ರಿ ಅಂದ್ಕೊಂಡೆ!"

"ದಯವಿಟ್ಟು ಮುಟ್ಬೇಡಿ ಸರ್."

ಅವಳು ತಂಗಿಯ ವಿಷಯವನ್ನಷ್ಟೇ ಹೇಳಿದಳು. ಅವನ ನಗು ನಿಂತಿತು. "ಸ್ವಂತದವರದ್ದನ್ನ ನೀವು ಪರೀಕ್ಷೆ ಮಾಡೋ ಹಾಗಿಲ್ಲ. ಕೂತ್ಕೊಳ್ಳಿ, ನಾನೇ ಮಾಡ್ತೀನಿ."

ಇಷ್ಟು ವರ್ಷ ತಾನೇ ಮಾಡಿದ ಕೆಲಸವನ್ನು ಅವಳು ಕೈಕಟ್ಟಿ ನೋಡಿದಳು. ಅವನು ಕುಬಾದಿಂದ ಅಣಬೆ ಚೂರುಗಳನ್ನು ಹೆಕ್ಕಿ ಅರೆದ, ತೂಗಿದ, ಮೆಥನಾಲ್‌ನಲ್ಲಿ ಕುಲುಕಿ ಸೋಸಿದ. ಬೆಳಕಿಗೆ ಕೆಡದಿರಲೆಂದು ಕಂದು ಶೀಶೆಗೆ ತುಂಬಿದ. ಮೊದಲು ಬರೀ ಮೆಥನಾಲನ್ನು ಯಂತ್ರಕ್ಕೆ ಕೊಟ್ಟ. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿ ಸಾಗಿತು. ಆಮೇಲೆ ಅಳತೆ ಗೊತ್ತಿದ್ದ ಶುದ್ಧ ಸೈಲೋಸಿಬಿನ್, ಮತ್ತಿನ ಅಣಬೆಯಲ್ಲಿರುವ ಮದ್ದು. ಗೆರೆ ಎದ್ದು ಇಳಿಯಿತು. ಕೊನೆಗೆ ಕುಬಾ.

ಏಳಬೇಕಾದ ಜಾಗ ಅವಳಿಗೆ ಬಾಯಿಪಾಠ. ಎದ್ದರೆ ತಂಗಿಯ ಟ್ರಾಮ್ ಉಳಿಯುತ್ತದೆ, ತನ್ನ ಕೆಲಸ ಹೋಗುತ್ತದೆ. ಏಳದಿದ್ದರೆ ಉಲ್ಟಾ. ಏನನ್ನು ಬೇಡಿಕೊಳ್ಳಬೇಕೆಂದೇ ತಿಳಿಯದೆ ಅವಳು ಅಂಗಿಯ ಗುಂಡಿ ತಿರುಚುತ್ತಿದ್ದಳು.

ಗೆರೆ ಅದೇ ಜಾಗದಲ್ಲಿ ಎದ್ದಿತು.

"ಬಚಾವ್! ತಂಗಿ ತಲೆ ನೆಟ್ಟಗಿದೆ," ಎಂದು ಹಿನೆಕ್ ಕುರ್ಚಿಗೊರಗಿದ. "ಆಸ್ಪತ್ರೆಗೆ ಈಗ್ಲೇ ಹೇಳ್ತೀನಿ. ಅಣಬೆ ಯಾರದ್ದು?"

"ನಾನು ಕೊಟ್ಟಿದ್ದು."

"ಅಯ್ಯೋ, ನೀವೂ ಎಡವಿದ್ರಾ? ಇರ್ಲಿ ಬಿಡಿ, ಕಾಡಲ್ಲಿ ಆರಿಸೋವಾಗ ಕಣ್ತಪ್ಪೋದು ಎಲ್ಲರಿಗೂ ಇದ್ದದ್ದೇ."

ತಲೆಯಾಡಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಕ್ಟೋಬರ್‌ನ ಆ ತಪ್ಪು ತೂಕ ಅವಳ ಸಹಿಯೊಂದಿಗೆ ನ್ಯಾಯಾಲಯಕ್ಕೆ ಹೋಗಿತ್ತು. ಹಿನೆಕ್ ಫೋನ್ ಇಡುವವರೆಗೆ ಕಾದಳು. ಎದ್ದು ಹೋಗಿ ಒಣಗಿಸುವ ಪೆಟ್ಟಿಗೆಯ ಬಾಗಿಲು ತೆರೆದು ಕೆಳತಟ್ಟೆಯನ್ನು ಹೊರಗೆಳೆದಳು. ಅದನ್ನು ಅವನ ಮುಂದಿಟ್ಟಳು.

"ಕಾಡಲ್ಲಲ್ಲ ಸರ್," ಎಂದಳು. "ಇಲ್ಲಿ."