ಉಸ್ತಾದರ ಅಂಟಿನುಂಡಿ

ಗೆಳೆಯರೇ, ಇಂದು ಬೆಳಿಗ್ಗೆ ಶಹಾಬಾದದ ನಮ್ಮ ತಾಲೀಮಿನಲ್ಲಿ ನಡೆದದ್ದು ಕೇಳಿ. ನಮಗೆಲ್ಲ ಕುಸ್ತಿ ಕಲಿಸಿದ ಉಸ್ತಾದರ ಬೆನ್ನು ಬಾಗಿದೆ. ಮೊನ್ನೆ ಬರೀ ಕೊಡ ಎತ್ತುವಾಗ ಮುಂಗೈ ಮುರಿಯಿತು. ಎಲುಬು ಗಟ್ಟಿಯಾಗಲೆಂದು ಅವರ ಹೆಂಡತಿ, ಬಾಣಂತಿಯರಿಗೆ ಕೊಡುವ ಅಂಟಿನುಂಡಿ ಕಟ್ಟಿ ಕಳಿಸಿದ್ದರು. ಒಬ್ಬ ಪೈಲ್ವಾನ ಅದನ್ನು ನೋಡಿಬಿಟ್ಟ.

"ಏನ್ರಿ ಉಸ್ತಾದ್, ಹಡದೀರೇನು?"

ಎಲ್ಲರೂ ನಕ್ಕರು. ಉಸ್ತಾದರು ಉಂಡಿಯನ್ನು ಮತ್ತೆ ಅರಿವೆಯಲ್ಲಿ ಸುತ್ತಿದರು. ನನಗೆ ತಡೆಯಲಾಗಲಿಲ್ಲ.

"ಎಲುಬಿಗಿ ಮೀಸಿ ಇರಂಗಿಲ್ಲಲೇ. ಗಂಡಸರವೂ ಸವೀತಾವ. ದವಾಖಾನಿ ಕರಪತ್ರದಾಗ ಓದೀನಿ," ಎಂದೆ.

"ಆ ಕರಪತ್ರ ನೀನೇ ತಿನ್ನು," ಎಂದ ಅವನು.

ಆಗ ಉಸ್ತಾದರು ಗಂಟು ಬಿಚ್ಚಿ, ಅವನೆದುರೇ ಉಂಡಿ ಕಡಿದರು.

"ಹೌದಲೇ, ಹಡದೀನಿ. ನಿಮ್ಮನ್ನೆಲ್ಲ ಪೈಲ್ವಾನ ಮಾಡಿ ಹಡದಾಂವ ನಾನೇ."

ನಕ್ಕವರು ಇನ್ನು ತಮ್ಮ ತಮ್ಮ ತೊಟ್ಟಿಲು ಹುಡುಕಿಕೊಳ್ಳಲಿ.