ಸೀಬ್‌ನಲ್ಲಿ ಕೊಟ್ಟ ಆಶೀರ್ವಾದ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಒಮಾನಿನ ಸೀಬ್‌ನಲ್ಲಿತ್ತು. ವಿಮಾನ ನಿಲ್ದಾಣ ಎಷ್ಟು ಹತ್ತಿರವೆಂದರೆ, ತಲೆಯ ಮೇಲೆ ವಿಮಾನ ಹಾರುವಾಗ ಅಮ್ಮ ನನಗೆ ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದಳು. ಕೆಳಗೆ ಕಾಕನ ದಿನಸಿ ಅಂಗಡಿ. ಅವರು ನಮ್ಮ ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರು. ಮಹಡಿಯ ಮೇಲೆ ಒಂದು ಬಾಗಿಲು ನಮ್ಮದು, ಎದುರಿನದು ಅಂಕಲ್ ಮತ್ತು ಮಾವ್ಶಿಯದು. ಅವರ ಒಬ್ಬಳೇ ಮಗಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ.

ಅವರು ಬೊಂಬಾಯಿ ಕಡೆಯವರು, ಮನೆಯಲ್ಲಿ ಮರಾಠಿ ಮಾತಾಡುವ ಯೆಹೂದಿಗಳು. ಮಾವ್ಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಎಷ್ಟೋ ತಲೆಮಾರುಗಳ ಹಿಂದೆ ಅವರ ಹಿರಿಯರು ಸಮುದ್ರ ದಾಟಿ ಬಂದು ಕೊಂಕಣ ತೀರದಲ್ಲಿ ನೆಲೆಸಿದ್ದರಂತೆ. ಅಮ್ಮ ಅಂಜಲ್ ಮೀನು ಹುರಿದು ಕಳಿಸಿದರೆ ಮಾವ್ಶಿಗೆ ಖುಷಿಯೋ ಖುಷಿ. ಸಿಗಡಿ ಕಳಿಸಿದರೆ ಮಾತ್ರ ಪಾತ್ರೆ ಹಾಗೆಯೇ ವಾಪಸು. ಸಿಗಡಿ ಬೇಡ ಅನ್ನುವ ಮನುಷ್ಯರೂ ಲೋಕದಲ್ಲಿದ್ದಾರಾ ಎಂದು ಮೊದಮೊದಲು ಅಮ್ಮನಿಗೆ ಬೇಜಾರಾಗಿತ್ತು. ಅವರ ಧರ್ಮದಲ್ಲಿ ಅದು ಸಲ್ಲದು ಎಂದು ಅಪ್ಪ ತಿಳಿಸಿ ಹೇಳಿದ ಮೇಲೆ ಅವಳು ಅವರಿಗೆಂದೇ ಬೇರೆ ಕಾವಲಿ ಇಟ್ಟುಕೊಂಡಳು.

ಅಕ್ಕನಿಗೆ ಬೊಂಬಾಯಿಯಲ್ಲಿ ಗಂಡು ಗೊತ್ತಾದಾಗ ಮದುವೆಯ ಅರ್ಧ ಯೋಜನೆ ನಡೆದದ್ದು ನಮ್ಮ ಮನೆಯ ಹಾಲ್‌ನಲ್ಲಿ. ನೆಲದ ಮೇಲೆ ಬಿಳಿ ಸೀರೆ ಹರಡಿ ಮಾವ್ಶಿ ಜರಿ ಹೊಲಿಯುತ್ತಿದ್ದರು. ವಧೂವರರು ನಾಲ್ಕು ಕೋಲುಗಳ ಬಟ್ಟೆಯ ಚಪ್ಪರದ ಕೆಳಗೆ ನಿಲ್ಲುತ್ತಾರೆ, ಕೊನೆಗೆ ವರ ಒಂದು ಗಾಜಿನ ಲೋಟವನ್ನು ತುಳಿದು ಒಡೆಯುತ್ತಾನೆ ಎಂದು ಅಕ್ಕ ಹೇಳಿದಾಗ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ನಮ್ಮ ಮನೆಯಲ್ಲಿ ಲೋಟ ಒಡೆದರೆ ಬೆನ್ನಿಗೆ ಬೀಳುತ್ತಿತ್ತು. ಅಲ್ಲಿ ಲೋಟ ಒಡೆದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರಂತೆ. ನನಗೂ ಅಂಥದ್ದೇ ಮದುವೆ ಬೇಕು ಎಂದು ನಾನು ಅಲ್ಲೇ ಹಟ ಹಿಡಿದೆ.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಅಂಕಲ್‌ನ ಪಾಸ್‌ಪೋರ್ಟ್ ವೀಸಾ ಕೆಲಸಕ್ಕೆಂದು ಅವರ ಕಫೀಲ್ ಕೈಯಲ್ಲಿತ್ತು. ಕಫೀಲ್ ಅಂದರೆ ನಮ್ಮನ್ನು ಆ ದೇಶಕ್ಕೆ ಕರೆಸಿಕೊಂಡ ಯಜಮಾನ. ಅವರ ಸಹಿಯಿಲ್ಲದೆ ಕೆಲಸದವರು ಊರಿಗೆ ಹೋಗುವಂತಿರಲಿಲ್ಲ; ಮಾವ್ಶಿ, ಅಕ್ಕನ ಕಾಗದಪತ್ರ ಮಾತ್ರ ಮೊದಲೇ ಸಿದ್ಧವಾಗಿತ್ತು. ಆ ಮುದುಕ ಯಜಮಾನರು ಕಾಯಿಲೆ ಬಿದ್ದು ಚಿಕಿತ್ಸೆಗೆ ಪರದೇಶಕ್ಕೆ ಹೋಗಿಬಿಟ್ಟಿದ್ದರು, ಯಾವಾಗ ಬರುತ್ತಾರೋ ಗೊತ್ತಿರಲಿಲ್ಲ. ಮದುವೆಯನ್ನು ಮುಂದೆ ಹಾಕೋಣವೆಂದರೆ, ಆ ದಿನ ತಪ್ಪಿದರೆ ಯೆಹೂದಿಗಳಿಗೆ ಕೆಲವು ವಾರ ಮದುವೆ ಮಾಡುವಂತಿಲ್ಲ. ಈಸ್ಟರ್‌ಗೆ ಮುಂಚೆ ನಾವು ಕ್ರೈಸ್ತರು ಮದುವೆ ಇಡದ ತಪಸ್ಸಿನ ಕಾಲದ ಹಾಗೆ ಎಂದು ಅಪ್ಪ ತಲೆಯಾಡಿಸಿದರು. ಒಬ್ಬಳೇ ಮಗಳ ಮದುವೆ, ಹೆತ್ತ ಅಪ್ಪನೇ ಇಲ್ಲ.

ತಾಯಿ ಮಗಳು ಹೊರಡುವ ಮುಂಚಿನ ಶುಕ್ರವಾರ ಇಲ್ಲೇ ಮಲೀದಾ ಮಾಡುವುದೆಂದು ಮಾವ್ಶಿ ನಿಶ್ಚಯಿಸಿದರು. ಸಿಹಿ ಅವಲಕ್ಕಿ, ಹಣ್ಣುಗಳನ್ನು ತಟ್ಟೆಯಲ್ಲಿಟ್ಟು ಪ್ರಾರ್ಥಿಸುವ ಅವರ ಶುಭಕಾರ್ಯ ಅದು. ಅದು ಮುಗಿದ ಮೇಲೆ ಅಂಕಲ್ ಮಗಳ ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಶುಕ್ರವಾರ ಎಲ್ಲರಿಗೂ ರಜೆ, ಎಲ್ಲರಿಗೂ ದೇವರು. ಬೆಳಿಗ್ಗೆ ನಾವು ಚರ್ಚಿಗೆ, ಮಧ್ಯಾಹ್ನ ಕಾಕ ಜುಮಾ ನಮಾಜಿಗೆ, ಸೂರ್ಯ ಮುಳುಗುತ್ತಲೇ ಅಂಕಲ್ ಮನೆಯಲ್ಲಿ ಸಬ್ಬತ್ ಶುರು. ಆಮೇಲೆ ಅವರು ಯಾವ ಕೆಲಸವನ್ನೂ ಮಾಡುವವರಲ್ಲ. ಹಾಗಾಗಿ ಉಳಿದದ್ದು ಆ ಮಧ್ಯಾಹ್ನವೊಂದೇ.

ಚರ್ಚಿನಿಂದ ಬಂದವಳೇ ಅಮ್ಮ ತನ್ನ ಹೆರೆಮಣೆ ತೊಳೆದುಕೊಂಡು ಮಾವ್ಶಿಯ ಅಡುಗೆಮನೆಗೆ ಹೋಗಿ ಕೂತಳು. ತೆಂಗಿನಕಾಯಿ ಬಿಳಿಯಾಗಿ ಉದುರುತ್ತಿತ್ತು, ಅದರಲ್ಲಿ ಒಂದು ಮುಷ್ಟಿ ನನ್ನ ಬಾಯಿಗೆ ಹೋಗುತ್ತಿತ್ತು. ಕಾಕನ ಅಂಗಡಿಯ ಅವಲಕ್ಕಿಗೆ ಸಕ್ಕರೆ, ಏಲಕ್ಕಿ, ದ್ರಾಕ್ಷಿ ಬೆರೆತು ಮನೆಯೆಲ್ಲ ಘಮಘಮ. ಸಹಮ್ ಎಂಬ ಊರಿನ ತೋಟದಿಂದ ಅಪ್ಪ ತಂದಿದ್ದ ಮದರಂಗಿ ಸೊಪ್ಪಿನ ಬಣ್ಣ ಅಕ್ಕನ ಕೈಯಲ್ಲಿ ಕೆಂಪಗೆ ಕೂತಿತ್ತು. ಕಿಟಕಿಯ ಏಸಿ ಗಡಗಡ ಅನ್ನುತ್ತಿತ್ತು. ಎಲ್ಲ ಸಿದ್ಧವಾಯಿತು, ಅಂಕಲ್ ಮಾತ್ರ ಕೋಣೆಯಿಂದ ಹೊರಗೆ ಬರಲಿಲ್ಲ.

ಮಾವ್ಶಿ ಎರಡು ಸಲ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ಅಂಕಲ್‌ನ ದುಃಖ ಇದಂತೆ: ಊರಲ್ಲಾದರೆ ಮನೆ ತುಂಬ ಜನ ಕೂತು ಪ್ರತಿ ಪ್ರಾರ್ಥನೆಗೂ ಆಮೆನ್ ಎಂದು ಒಕ್ಕೊರಲಿನಿಂದ ಹೇಳುತ್ತಾರೆ. ಇಲ್ಲಿ ಅವರೊಬ್ಬರೇ. ಆಮೆನ್ ಅನ್ನುವವರಿಲ್ಲದೆ ಗೋಡೆಗೆ ಪ್ರಾರ್ಥನೆ ಹೇಳಲೇ ಎಂದು ಕೇಳಿದರಂತೆ. ಅಕ್ಕ ಬಾಗಿಲ ಬಳಿ ನಿಂತು, ಗಟ್ಟಿಯಾಗಿ, ಆದರೆ ಅಳುತ್ತಾ, "ಪಪ್ಪಾ ಹರಸದಿದ್ದರೆ ನಾನು ವಿಮಾನ ಹತ್ತುವುದಿಲ್ಲ" ಎಂದಳು. ಅವಳು ಹಾಗೆಲ್ಲ ಸುಮ್ಮಸುಮ್ಮನೆ ಹೇಳುವ ಹುಡುಗಿಯೇ ಅಲ್ಲ. ನನಗೆ ಹೆದರಿಕೆಯಾಗಿ ಅಮ್ಮನ ಸೆರಗು ಹಿಡಿದುಕೊಂಡೆ.

ಆ ಹೊತ್ತಿಗೆ ಕಾಕ ಮಸೀದಿಯಿಂದ ನೇರವಾಗಿ ಮೇಲೆ ಬಂದರು. ಬಿಳಿ ಪಂಚೆ, ತಲೆಗೆ ಟೊಪ್ಪಿ, ಕೈಯಲ್ಲಿ ಖರ್ಜೂರದ ಪೊಟ್ಟಣ. ಅಪ್ಪ ಪಿಸುಮಾತಿನಲ್ಲಿ ವಿಷಯ ತಿಳಿಸಿದರು. ಕಾಕ ಚಾಪೆಯ ಮೇಲೆ ಕೂತು, ಬೆವರು ಒರೆಸಿಕೊಂಡು ಹೇಳಿದರು: "ಆಮೀನ್ ಹೇಳ್ಲಿಕ್ಕೆ ಜನ ಬೇಕಾ? ಅದು ನಮಗೆ ಬರುದಿಲ್ವಾ ಮಾರಾಯ್ರೆ?"

ಅಪ್ಪ ಎದ್ದು ಹೋಗಿ ಕೋಣೆಯ ಬಾಗಿಲು ತಟ್ಟಿ, ತಮ್ಮ ಮುರುಕು ಹಿಂದಿಯಲ್ಲಿ, ನೀವು ಹೇಳಿ, ನಾವು ಕೂತಿದ್ದೇವೆ ಎಂದರು. ಕೊನೆಗೂ ಬಾಗಿಲು ತೆರೆಯಿತು. ಅಂಕಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಟೊಪ್ಪಿಯಿಟ್ಟು ಹೊರಗೆ ಬಂದರು. ಕಣ್ಣು ಮಾತ್ರ ಕೆಂಪಗಿತ್ತು.

ಅವರು ಹೀಬ್ರೂ ಭಾಷೆಯಲ್ಲಿ ರಾಗವಾಗಿ ಹೇಳತೊಡಗಿದರು. ನಮಗೆ ಒಂದಕ್ಷರ ಅರ್ಥವಾಗಲಿಲ್ಲ. ಅವರು ನಿಲ್ಲಿಸಿ ನಮ್ಮತ್ತ ನೋಡಿದಾಗೆಲ್ಲ ಅಪ್ಪ ಆಮೆನ್ ಅಂದರು, ಕಾಕ ಆಮೀನ್ ಅಂದರು, ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ. ಅಮ್ಮ ಚಿವುಟಿದರೂ ಬಿಡಲಿಲ್ಲ. ಕೊನೆಗೆ ಅಂಕಲ್ ಅಕ್ಕನ ತಲೆಯ ಮೇಲೆ ಎರಡೂ ಕೈ ಇಟ್ಟರು. ಆ ಆಶೀರ್ವಾದದಲ್ಲಿ ಸಾರಾ, ರೆಬೆಕ್ಕಾ, ರಾಹೆಲ್ ಎಂಬ ಹೆಸರುಗಳು ಬಂದಾಗ ಅಮ್ಮ ಬೆಚ್ಚಿ ಅಪ್ಪನನ್ನು ನೋಡಿದಳು. ರೆಬೆಕ್ಕಾ ಎಂಬುದು ಅವಳ ಅಜ್ಜಿಯ ಹೆಸರು.

ಮದುವೆಯ ದಿನ ಅಂಕಲ್ ಎಂದಿನಂತೆ ಕೆಲಸಕ್ಕೆ ಹೋದರು. ತಾಯಿ ಮಗಳು ಹೋದಂದಿನಿಂದ ಅವರು ಸರಿಯಾಗಿ ಉಂಡದ್ದೇ ಇಲ್ಲ ಎಂದು ಅಪ್ಪ ಸಂಜೆ ಅವರನ್ನು ನಮ್ಮ ಮನೆಗೆ ಎಳೆದುಕೊಂಡು ಬಂದರು. ಕಾಕನೂ ಅಂಗಡಿ ಹುಡುಗನಿಗೆ ಒಪ್ಪಿಸಿ ಮೇಲೆ ಬಂದರು. ಬೊಂಬಾಯಿಯ ಗಡಿಯಾರ ನಮ್ಮದಕ್ಕಿಂತ ಮುಂದೆ. ಅಲ್ಲಿ ಈಗ ಅಕ್ಕ ಚಪ್ಪರದ ಕೆಳಗೆ ನಿಂತಿರುತ್ತಾಳೆ ಎನ್ನುವ ಹೊತ್ತಿಗೆ ಅಂಕಲ್ ಎದ್ದು ನಿಂತು, ಅದೇ ಆಶೀರ್ವಾದ ಹೇಳುತ್ತಾ ಕೈ ಚಾಚಿದರು. ಕೈಯ ಕೆಳಗೆ ಯಾರೂ ಇರಲಿಲ್ಲ. ಅಮ್ಮನಿಗೆ ಏನನ್ನಿಸಿತೋ, ನನ್ನನ್ನು ಮುಂದಕ್ಕೆ ತಳ್ಳಿದಳು. ನನ್ನ ತಲೆಯ ಮೇಲೆ ಕೂತ ಆ ಕೈ ಬೆಚ್ಚಗಿತ್ತು. ಅಪ್ಪ, ಕಾಕ ಆಮೆನ್ ಅಂದರು. ಆ ಸಲ ನಾನು ಮೆಲ್ಲಗೆ ಆಮೆನ್ ಅಂದೆ, ಅಮ್ಮ ಚಿವುಟಬೇಕಾಗಲಿಲ್ಲ.

ಈಗ ನಿಮ್ಮ ಕಾಲ ಬೇರೆ. ಯಾವ ದೇಶದ ಮದುವೆಯಾದರೂ ಫೋನಿನಲ್ಲೇ ನೋಡುತ್ತೀರಿ, ನಡುವೆ ನೆಟ್ ಹೋದರೆ ಮನೆ ಹಾರಿಹೋಗುವ ಹಾಗೆ ಕಿರುಚುತ್ತೀರಿ. ನೋಡಿ ಮಕ್ಕಳೇ, ಸಂತೋಷವೇ. ಅಂಕಲ್‌ಗೆ ಅಂಥದ್ದೊಂದು ಫೋನ್ ಇದ್ದಿದ್ದರೆ ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ ನೋಡಿದ ನಿಮ್ಮ ದೂರದ ನಂಟಿನ ಚಿಕ್ಕಪ್ಪನ ಮದುವೆಯಲ್ಲಿ ಪಾದ್ರಿಗಳು ಹರಸಿದಾಗ ನಾನು ಸೋಫಾದಲ್ಲಿ ಕೂತಲ್ಲಿಂದಲೇ ಆಮೆನ್ ಎಂದೆ. ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ. "ಅಜ್ಜಿ, ಯು ಆರ್ ಆನ್ ಮ್ಯೂಟ್! ಅವರಿಗೆ ಕೇಳುದಿಲ್ಲ" ಅಂದಿರಿ.

ಕೇಳುವುದಿಲ್ಲ, ಗೊತ್ತು. ಆ ಸಂಜೆ ಸೀಬ್‌ನಲ್ಲಿ ನಾವು ಹೇಳಿದ್ದೂ ಬೊಂಬಾಯಿಗೆ ಕೇಳಿರಲಿಲ್ಲ. ಅಂಕಲ್ ಮಾತ್ರ ಅಂದು ಹೊಟ್ಟೆ ತುಂಬ ಉಂಡು ಎದ್ದರು.