ಬೇವಿನ ಕದದ ಸಂದು

ಮನೆ ಕಟ್ಟಿಸುವವರು ಸಿಮೆಂಟು, ಕಬ್ಬಿಣದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಕೆಡಿಸಿಕೊಂಡಿದ್ದು ಕಿಟಕಿಗಳ ಬಗ್ಗೆ. ಹೆಂಡತಿಗೆ ಉಬ್ಬಸ. ಬಳ್ಳಾರಿಯಲ್ಲಿ ಕೆಂಪು ಧೂಳೆದ್ದರೆ ಸಾಕು, ಅವಳ ಎದೆಯೊಳಗೆ ಸೀಟಿ ಶುರುವಾಗುತ್ತದೆ. ಪಾರ್ವತಿನಗರದ ನಮ್ಮ ಬಾಡಿಗೆ ಮನೆಯ ಮರದ ಕಿಟಕಿಗಳು ಬೇಸಿಗೆಗೆ ಒಣಗಿ ಬಾಯಿ ಬಿಡುತ್ತಿದ್ದವು. ಹಳೇ ಪಂಚೆ ಹರಿದು ಸಂದಿಗೆ ತುರುಕುವುದೇ ನನ್ನ ಕೆಲಸವಾಗಿತ್ತು. ಕಳೆದ ಬೇಸಿಗೆಯಲ್ಲಿ ಎರಡು ಸಲ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ಎರಡನೇ ಸಲ ಅವಳ ತುಟಿ ನೀಲಿಯಾಗಿತ್ತು. ಅವತ್ತಿನಿಂದ ಮರ ಎಂದರೆ ನನಗೆ ಭಯ.

ಹೊಸ ಮನೆಗೆ ಎಲ್ಲ ಕಿಟಕಿಯೂ ಪ್ಲಾಸ್ಟಿಕ್ಕಿನವು, ರಬ್ಬರ್ ಪಟ್ಟಿ ಇರುವಂಥವು ಎಂದು ನಿರ್ಧರಿಸಿದೆ. ಸಿರುಗುಪ್ಪದಲ್ಲಿ ಭತ್ತ ಬೆಳೆಯುವ ಅಪ್ಪ ಫೋನಿನಲ್ಲೇ ಸಿಡಿದರು.

"ಪ್ಲಾಸ್ಟಿಕ್ಕು ಬಕೀಟಿಗೆ ಸರಿ. ಮನಿಗೆ ಯಾಕಲೇ? ನಮ್ಮ ಬೇವಿನ ಹಲಿಗಿ ಕಾಲುವಿ ದಂಡಿ ಶೆಡ್ಡಿನಾಗ ಅದಾವು. ಗೆದ್ದಲು ಸೈತ ಮುಟ್ಟಿಲ್ಲ."

ವಾರವಿಡೀ ಜಗಳವಾಡಿ ಕೊನೆಗೆ ರಾಜಿಯಾದೆವು. ಕಿಟಕಿ ನನ್ನವು, ಮುಂಬಾಗಿಲಿನ ಚೌಕಟ್ಟು, ಹೊಸ್ತಿಲು, ಎರಡು ಕದ ಅಪ್ಪನ ಬೇವಿನವು. ಒಂದೇ ಬಾಗಿಲು ತಾನೇ, ಬಿಡು ಎಂದುಕೊಂಡೆ.

ಬಡಿಗ ಕುರುಗೋಡಿನವನು. ಹಲಗೆಯನ್ನು ಬೆರಳಿನಿಂದ ಬಡಿದು, ಮೂಸಿ, ಮುಖ ಸಣ್ಣ ಮಾಡಿದ.

"ಸರ, ಕಟ್ಟಿಗಿಗೆ ಗದ್ದಿ ತಂಪು ಹಿಡದೈತಿ. ಬಳ್ಳಾರಿ ಬಿಸಲು ಕಂಡಿಲ್ಲ ಇದು. ಒಂದು ಬ್ಯಾಸಿಗಿ ಇಲ್ಲೇ ಒಣಗಲಿ, ಆಮ್ಯಾಲೆ ಕದ ಮಾಡ್ತೀನಿ. ಇಲ್ಲಂದ್ರ ಸೊರಗಿ ಸಂದು ಬೀಳ್ತಾವ ನೋಡ್ರಿ."

ಹೊಸ್ತಿಲು ಇಡುವ ಮುಹೂರ್ತಕ್ಕೆ ಎಂಟೇ ದಿನ ಉಳಿದಿತ್ತು. ಕಾಯುವುದೆಂದರೆ ಅವಳಿಗೆ ಆ ಬಾಡಿಗೆ ಮನೆಯಲ್ಲಿ ಇನ್ನೊಂದು ಬೇಸಿಗೆ. ಬೇರೆ ಮರ ತರೋಣವೆಂದರೆ ಅಪ್ಪನ ಮುಖ ನೋಡುವವರು ಯಾರು? "ಮಾಡ್ರಿ, ನೋಡೋಣು" ಎಂದುಬಿಟ್ಟೆ. ಬಡಿಗನ ಮಾತಿನ ಬಗ್ಗೆ ಅಪ್ಪನೆದುರು ಚಕಾರ ಎತ್ತಲಿಲ್ಲ. ಮುಹೂರ್ತದ ದಿನ ಅವರು ಬಂದು, ಹೊಸ್ತಿಲಿನ ಕೆಳಗೆ ನವಧಾನ್ಯ ಸುರಿದು, ಮೇಲೆ ಅರಿಶಿನ ಹಚ್ಚಿದರು. ಆ ಮರವನ್ನು ಎರಡು ಸಲ ಸವರಿದರು ಕೂಡ. ನಾನು ಬೇರೆ ಕಡೆ ನೋಡುತ್ತ ನಿಂತಿದ್ದೆ.

ಚಳಿಗಾಲದಲ್ಲಿ ಮನೆ ಹೊಕ್ಕೆವು. ಊದುಬತ್ತಿ ಹಚ್ಚಿ ಪ್ರತಿ ಕಿಟಕಿಯ ಅಂಚಿಗೂ ಹಿಡಿದು ನೋಡಿದೆ, ಹೊಗೆ ಅಲುಗಲಿಲ್ಲ. ಹೆಂಡತಿ ನಕ್ಕಳು, "ಕಿಟಕಿಗೆ ಪೂಜಿ ಮಾಡಾಕ ಹತ್ತೀರೇನ್ರಿ?" ನಗಲಿ, ನಗುವಷ್ಟು ಉಸಿರಿದ್ದರೆ ಸಾಕಿತ್ತು ನನಗೆ. ಆದರೆ ದಿನಾ ಕದಗಳ ನಡುವೆ ದಿನಪತ್ರಿಕೆಯ ಹಾಳೆಯೊಂದನ್ನು ತೂರಿಸಿ ನೋಡುವ ಚಟ ಅಂಟಿತು. ಶಿವರಾತ್ರಿಯವರೆಗೆ ಹಾಳೆ ಹೋಗಲಿಲ್ಲ. ಯುಗಾದಿಯ ಹೊತ್ತಿಗೆ ಸಲೀಸಾಗಿ ಹೋಯಿತು. ಇದನ್ನೂ ಯಾರಿಗೂ ಹೇಳಲಿಲ್ಲ. ಇವತ್ತು ನಾಳೆ ಸಂದಿಗೊಂದು ಪಟ್ಟಿ ಹೊಡೆಸಿದರಾಯಿತು ಎಂದು ದಿನ ದೂಡಿದೆ.

ಹಬ್ಬ ಮುಗಿದು ನಾಲ್ಕು ದಿನಕ್ಕೆ ಅಪ್ಪ ಬಂದಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಗಾಳಿ ಎದ್ದಿತು. ಓಡಿ ಕಿಟಕಿಗಳನ್ನೆಲ್ಲ ಮುಚ್ಚಿದೆ. ಅಲ್ಲಿಂದ ಒಂದು ಕಣವೂ ಒಳಗೆ ಬರಲಿಲ್ಲ. ತಿರುಗಿ ನೋಡಿದರೆ ಮುಂಬಾಗಿಲ ಸಂದಿನಿಂದ ಕೆಂಪು ಧೂಳು ನಡುಮನೆಯವರೆಗೂ ಗೆರೆ ಎಳೆದಿತ್ತು. ಹೆಂಡತಿ ಕೆಮ್ಮುತ್ತ, ಇನ್ಹೇಲರ್ ಬಾಯಿಗಿಟ್ಟುಕೊಂಡು ಒಳಕೋಣೆಗೆ ಹೋದಳು. ಸೀಟಿ ಶುರುವಾಗಿತ್ತು.

ಅಪ್ಪ ಎದ್ದವರೇ ಹೆಗಲ ಮೇಲಿನ ಟವೆಲ್ ಎಳೆದು, ಹೊಸ್ತಿಲ ಮುಂದೆ ಮಂಡಿಯೂರಿ, ಕದದ ಕೆಳಗೆ ತುರುಕತೊಡಗಿದರು. ಒಳಕೋಣೆಯ ಕಡೆ ತಿರುಗಿ, "ನನ್ನ ಹಟಕ್ಕ ಆತವ್ವ ಇದು. ನನ್ನ ಕಟ್ಟಿಗಿ ನಿನಗ ಕೈ ಕೊಡ್ತು" ಎಂದರು.

ಅದನ್ನು ಕೇಳಿ ಸುಮ್ಮನಿರಲು ನನ್ನಿಂದಾಗಲಿಲ್ಲ.

"ಅಪ್ಪಾ, ಬಡಿಗ ಮೊದ್ಲೇ ಹೇಳಿದ್ದ, ಹಸಿ ಐತಿ ಅಂತ. ನಾನೇ ನಿನಗ ಹೇಳ್ಲಿಲ್ಲ."

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಈ ವಯಸ್ಸಿನಲ್ಲೂ ಕಪಾಳಕ್ಕೆ ಬೀಳುತ್ತದೆ ಎಂದುಕೊಂಡೆ. ಬಿದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎರಡು ಕದ ಕೂಡುವ ಕಡೆ ಇನ್ನೂ ಧೂಳು ಉದುರುತ್ತಿತ್ತು. ಅಪ್ಪ ಅತ್ತ ಬೆರಳು ತೋರಿಸಿದರು.

"ಅಂಗಿ ಬಿಚ್ಚಿ ತುರುಕಲೇ ಅಲ್ಲಿ. ಬೈಯೋದು ಆಮ್ಯಾಲೆ."

ಬಿಚ್ಚಿ ತುರುಕಿದೆ. ಆಮೇಲೆ ಇಬ್ಬರೂ ಹೊಸ್ತಿಲ ಮುಂದೆ ಕೂತು, ಒಳಗೆ ಅವಳ ಸೀಟಿ ಇಳಿಯುತ್ತದೆಯೋ ಇಲ್ಲವೋ ಎಂದು ಕಿವಿಗೊಟ್ಟೆವು.